ಮನೆಯ ಕಂಪ್ಯೂಟರಿಗೆ ಯಾವ ಆಂಟಿವೈರಸ್ ಒಳ್ಳೆಯದು?



ದೀಪಾವಳಿಯ ದಿನ ಗುಜರಾತಿನ ವ್ಯಾಪಾರಸ್ಥರು ಚೋಪ್ಡಾ ಪೂಜೆ ಮಾಡುವುದನ್ನು ನಾವೆಲ್ಲ ನೋಡುತ್ತಾ ಬಂದಿದ್ದೇವೆ. ಕೆಂಪು ಬಟ್ಟೆಯ ರಟ್ಟಿನ ಹೊಸ ಲೆಕ್ಕದ ಪುಸ್ತಕಕ್ಕೆ ಕುಂಕುಮ ಹಚ್ಚಿ, 'ಶುಭ', 'ಲಾಭ' ಎಂದು ಬರೆದು, ಲಾಭ ಪಂಚಮಿಯಂದು ಮತ್ತೆ ವ್ಯಾಪಾರ ಆರಂಭಿಸುವುದು ಇಲ್ಲಿನ ಪದ್ಧತಿ. ಊರು ಬಿಟ್ಟು ಇಲ್ಲಿ ನೆಲೆಸಿದ ನಮ್ಮಲ್ಲೂ ಹಲವರು ಇದನ್ನು ರೂಢಿಸಿಕೊಂಡಿದ್ದಾರೆ. ಈಗೀಗ ಪುಸ್ತಕದ ಪಕ್ಕದಲ್ಲಿ ಲ್ಯಾಪ್‌ಟಾಪೂ ಪೂಜೆಗೆ ಕುಳಿತುಕೊಳ್ಳುತ್ತದೆ. ಲೆಕ್ಕವೆಲ್ಲ ಅದರಲ್ಲೇ ಇರುವಾಗ ಅದು ಸರಿಯೇ. ಆದರೆ ಪುಸ್ತಕವಾದರೆ ಪೂಜೆಯ ನಂತರ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದೆವು. ಕಂಪ್ಯೂಟರಿಗೆ ಬೀಗ ಯಾವುದು?

ಆಂಟಿವೈರಸ್ ಎಂಬ ಉತ್ತರ ಎಲ್ಲರ ಬಾಯಲ್ಲೂ ಇದೆ. "ಯಾವುದು ಹಾಕಬೇಕು ಮಾರಾಯ್ರೆ? ಫ್ರೀ ಸಾಕೋ, ದುಡ್ಡಿನದ್ದೇ ಬೇಕೋ?" ಎಂಬ ಪ್ರಶ್ನೆಯೂ ಮದುವೆ ಮನೆಯಲ್ಲಿ, ಸಂಘದ ಸಭೆಯಲ್ಲಿ ಆಗಾಗ ಕೇಳಿಬರುತ್ತದೆ. ಆ ಪ್ರಶ್ನೆಗೆ ಉತ್ತರ ಕೊಡುವುದು ಈ ಪಾಠದ ಉದ್ದೇಶ. ಅದಕ್ಕೂ ಮೊದಲು ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ ಹೇಳುತ್ತೇನೆ.

ಒಂದು ರಾತ್ರಿಯ ಪಾಠ

ಕೆಲವು ವರ್ಷಗಳ ಹಿಂದೆ ಹೊಸ ಮೆನು ಕಾರ್ಡ್ ಮಾಡಬೇಕೆಂದು ಮಗ ಚಿತ್ರ ವಿನ್ಯಾಸದ ಒಂದು ದುಬಾರಿ ಸಾಫ್ಟ್‌ವೇರನ್ನು ಇಂಟರ್‌ನೆಟ್ಟಿನಿಂದ ಪುಕ್ಕಟೆಯಾಗಿ ಇಳಿಸಿಕೊಂಡ. ಅದನ್ನು ಹಾಕುವ ಕ್ರಮ ಬರೆದಿದ್ದ ಕಡೆ ಮೊದಲ ಸಾಲೇ 'ಆಂಟಿವೈರಸ್ ಆಫ್ ಮಾಡಿ' ಎಂದಿತ್ತು. ಅವನು ಹಾಗೆಯೇ ಮಾಡಿದ. ನಾನು ಹೋಟೆಲು ಮುಚ್ಚಿ ಮನೆಗೆ ಬಂದು ಅಂದಿನ ಲೆಕ್ಕ ಬರೆಯಲು ಕುಳಿತಾಗ ಒಂದು ಫೈಲೂ ತೆರೆಯಲಿಲ್ಲ. ಪ್ರತಿಯೊಂದರ ಹೆಸರಿಗೂ ನಾಲ್ಕು ಅಕ್ಷರದ ವಿಚಿತ್ರ ಬಾಲ ಅಂಟಿಕೊಂಡಿತ್ತು. ಜೊತೆಗೊಂದು ಪತ್ರ: ಬೀಗ ತೆಗೆಯಲು ಡಾಲರಿನಲ್ಲಿ ಹಣ ಕೊಡಬೇಕು.

ದುಡ್ಡು ಕೊಟ್ಟು ತಂದ ಆಂಟಿವೈರಸ್ ಆ ಕಂಪ್ಯೂಟರಿನಲ್ಲಿತ್ತು. ವಾಯಿದೆಯೂ ಮುಗಿದಿರಲಿಲ್ಲ. ನಾವೇ ಕಾವಲುಗಾರನನ್ನು ಮಲಗಿಸಿ ಕಳ್ಳನಿಗೆ ಬಾಗಿಲು ತೆರೆದಿದ್ದೆವು. ಒಂದು ಕಾರ್ಖಾನೆಯ ಕ್ಯಾಂಟೀನಿನ ಏಳು ತಿಂಗಳ ಊಟದ ಲೆಕ್ಕ ಹೋಯಿತು. ಆ ಕಾರ್ಖಾನೆಯ ಆಫೀಸಿನವರ ಕೈಕಾಲು ಹಿಡಿದು, ಅವರ ಬಳಿ ಇದ್ದ ಕೂಪನ್ ಲೆಕ್ಕವನ್ನು ಸಾಲು ಸಾಲಾಗಿ ಮತ್ತೆ ಬರೆದುಕೊಂಡೆವು. ಬಾಕಿ ಬಿಲ್ಲಿನ ಹಣ ಕೈಗೆ ಬರುವುದು ಎರಡು ತಿಂಗಳು ತಡವಾಯಿತು. ಆ ಎರಡು ತಿಂಗಳೂ ದಿನಸಿಯವನಿಗೆ, ಹಾಲಿನವನಿಗೆ, ಹುಡುಗರ ಸಂಬಳಕ್ಕೆ ಹಣ ಹೊಂದಿಸಿದ ಕಷ್ಟ ನಮಗೇ ಗೊತ್ತು.

ಹಾಗಾಗಿ ನನ್ನ ಮಾತಿನ ಸಾರ ಇಷ್ಟು. ಯಾವ ಕಂಪನಿಯ ಆಂಟಿವೈರಸ್ ಎಂಬುದು ಎರಡನೆಯ ಪ್ರಶ್ನೆ. ಅದು ಎಚ್ಚರವಾಗಿದೆಯೇ, ಲೆಕ್ಕದ ಇನ್ನೊಂದು ಪ್ರತಿ ಬೇರೆ ಕಡೆ ಇದೆಯೇ ಎಂಬುದು ಮೊದಲನೆಯದು.

ನಮ್ಮ ಮನೆಯ ಕಂಪ್ಯೂಟರ್ ಬರೀ ಮನೆಯದ್ದಲ್ಲ

ನೌಕರಿಯಲ್ಲಿರುವವರ ಮನೆಯ ಕಂಪ್ಯೂಟರಿಗೆ ವೈರಸ್ ಬಂದರೆ ಫೋಟೋ, ಹಾಡು, ಮಕ್ಕಳ ಪಾಠ ಹೋಗಬಹುದು. ನಮ್ಮದು ಹಾಗಲ್ಲ. ವಟವಾ, ನರೋಡಾ, ಮಕರಪುರ, ಹಜೀರಾ ಎಂದು ಕಾರ್ಖಾನೆಗಳ ಕ್ಯಾಂಟೀನ್ ನಡೆಸುವವರಿರಲಿ, ಪೇಟೆಯಲ್ಲಿ ಇಡ್ಲಿ ದೋಸೆಯ ಹೋಟೆಲು ನಡೆಸುವವರಿರಲಿ, ಗಲ್ಲಾ ಮುಚ್ಚಿದ ಮೇಲಿನ ಕೆಲಸ ನಡೆಯುವುದು ಮನೆಯ ಕಂಪ್ಯೂಟರಿನಲ್ಲೇ. ಟ್ಯಾಲಿ ಲೆಕ್ಕ, 2017ರ ಜುಲೈ 1ರಿಂದ ಬಂದ ಜಿಎಸ್‌ಟಿಯ ರಿಟರ್ನ್, ಕಂಪನಿಗಳಿಗೆ ಕಳಿಸುವ ಬಿಲ್ಲು, ಕೆಲಸದ ಹುಡುಗರ ಆಧಾರ್ ಪ್ರತಿ, ಪಿಎಫ್, ಇಎಸ್‌ಐ ಕಾಗದ, ಬ್ಯಾಂಕಿನ ಪಾಸ್‌ವರ್ಡ್ ಎಲ್ಲವೂ ಅಲ್ಲಿವೆ. ಅದೇ ಕಂಪ್ಯೂಟರಿನಲ್ಲಿ ಸಂಜೆ ಮಕ್ಕಳು ಆಟವನ್ನೂ ಆಡುತ್ತಾರೆ. ಇದೇ ನಮ್ಮ ತೊಂದರೆಯ ಮೂಲ.

ಮೊದಲ ಉಪಾಯಕ್ಕೆ ಖರ್ಚಿಲ್ಲ. ವಿಂಡೋಸಿನಲ್ಲಿ ಮಕ್ಕಳಿಗೆ ಬೇರೆ ಖಾತೆ ಮಾಡಿಕೊಡಿ. ಆ ಖಾತೆಗೆ 'ಅಡ್ಮಿನಿಸ್ಟ್ರೇಟರ್' ಅಧಿಕಾರ ಕೊಡಬೇಡಿ. ಆಗ ನಿಮ್ಮ ಪಾಸ್‌ವರ್ಡ್ ಇಲ್ಲದೆ ಆಂಟಿವೈರಸ್ ಆಫ್ ಮಾಡಲು ಅವರಿಂದ ಆಗುವುದಿಲ್ಲ. ನಮ್ಮ ಮನೆಯಲ್ಲಿ ಇಷ್ಟು ಮಾಡಿದ್ದರೆ ಆ ರಾತ್ರಿ ಬರುತ್ತಿರಲಿಲ್ಲ.

ಆಂಟಿವೈರಸ್ ಏನು ಮಾಡುತ್ತದೆ?

ಉಗ್ರಾಣದಲ್ಲಿ ಅಕ್ಕಿ, ಬೇಳೆ ಇಳಿಸಿಕೊಳ್ಳುವ ಅನುಭವಿ ಸ್ಟೋರ್ ಕೀಪರನನ್ನು ನೆನಪಿಸಿಕೊಳ್ಳಿ. ಅವನು ಎರಡು ಬಗೆಯಲ್ಲಿ ಪರೀಕ್ಷೆ ಮಾಡುತ್ತಾನೆ. ಹಿಂದೆ ಮೋಸ ಮಾಡಿದವರ ಪಟ್ಟಿ ಅವನ ತಲೆಯಲ್ಲಿರುತ್ತದೆ. ಆ ಗುರುತಿನ ಚೀಲ ಬಂದರೆ ಬಾಗಿಲಲ್ಲೇ ತಡೆಯುತ್ತಾನೆ. ಹೊಸಬರ ಚೀಲವಾದರೆ ಬಿಚ್ಚಿ, ಮೂಸಿ, ಕೈಯಾಡಿಸಿ ನೋಡುತ್ತಾನೆ. ಆಂಟಿವೈರಸ್ ಕೂಡ ಹೀಗೆಯೇ. ಗೊತ್ತಿರುವ ವೈರಸ್ಸುಗಳ ಗುರುತಿನ ಪಟ್ಟಿಗೆ ಫೈಲನ್ನು ಹೋಲಿಸಿ ನೋಡುವುದು ಒಂದು. ಗುರುತಿಲ್ಲದ ಫೈಲಿನ ನಡತೆ ನೋಡುವುದು ಇನ್ನೊಂದು. ಉದಾಹರಣೆಗೆ, ಒಂದು ಪ್ರೋಗ್ರಾಂ ಒಮ್ಮೆಲೇ ನೂರಾರು ಫೈಲುಗಳನ್ನು ಬದಲಾಯಿಸತೊಡಗಿದರೆ ಅದನ್ನು ತಡೆಯುತ್ತದೆ.

ಗುರುತಿನ ಪಟ್ಟಿ ದಿನವೂ ಬೆಳೆಯುತ್ತದೆ. ಅದಕ್ಕಾಗಿಯೇ 'ಅಪ್‌ಡೇಟ್' ಬೇಕು. ಅಪ್‌ಡೇಟ್ ಆಗದ ಆಂಟಿವೈರಸ್ ಎಂದರೆ ಹೋದ ವರ್ಷದ ಕಳ್ಳರನ್ನು ಮಾತ್ರ ಬಲ್ಲ ಕಾವಲುಗಾರ.

ಮೊದಲು ವಿಂಡೋಸ್ ನೋಡಿ

ಗೋಡೆ ಬಿರುಕು ಬಿಟ್ಟಿದ್ದರೆ ಬಾಗಿಲಿಗೆ ಒಳ್ಳೆಯ ಬೀಗ ಹಾಕಿ ಪ್ರಯೋಜನವಿಲ್ಲ. ವಿಂಡೋಸಿನಲ್ಲಿ ಕಂಡುಬರುವ ಬಿರುಕುಗಳನ್ನು ಮೈಕ್ರೋಸಾಫ್ಟ್ ಸಂಸ್ಥೆ ಅಪ್‌ಡೇಟ್ ಮೂಲಕ ಮುಚ್ಚುತ್ತಾ ಇರುತ್ತದೆ. ಪ್ರತಿ ಆವೃತ್ತಿಗೂ ಒಂದು ಕೊನೆಯ ದಿನ ಇದೆ. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಈ ಸೇವೆ ನಿಂತಿತು. ವಿಂಡೋಸ್ 10 ಇಟ್ಟುಕೊಂಡ ಮನೆ ಬಳಕೆದಾರರು ನೋಂದಾಯಿಸಿಕೊಂಡರೆ ಭದ್ರತಾ ಅಪ್‌ಡೇಟುಗಳಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಅವಧಿ ಕೊಡಲಾಯಿತು. ವಿಂಡೋಸ್ 11 ಹಾಕಬೇಕಾದರೆ ಸಾಮಾನ್ಯವಾಗಿ ಇಂಟೆಲ್‌ನ ಎಂಟನೆಯ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು.

ಈ ಬಿರುಕುಗಳಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2017ರ ಮೇ 12ರಂದು 'ವಾನ್ನಾಕ್ರೈ' ಎಂಬ ವೈರಸ್ ಜಗತ್ತಿನಾದ್ಯಂತ ಹರಡಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಇಂಗ್ಲೆಂಡಿನಲ್ಲಿ ಸರ್ಕಾರಿ ಆಸ್ಪತ್ರೆಗಳ ಕೆಲಸ ನಿಂತಿತು. ಗುಜರಾತ್ ಸರ್ಕಾರದ 'ಜಿಸ್ವಾನ್' ಜಾಲದ ನೂರಕ್ಕೂ ಹೆಚ್ಚು ಕಂಪ್ಯೂಟರುಗಳಿಗೂ ಸೋಂಕು ತಗುಲಿದ ಸುದ್ದಿ ಬಂತು. ಆ ವೈರಸ್ ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚಿನಲ್ಲಿ, ಅಪ್‌ಡೇಟ್ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು.

ಆದ್ದರಿಂದ ಹಳೆಯ ಕಂಪ್ಯೂಟರಿಗೆ ಹೊಸ ಆಂಟಿವೈರಸ್ ಕೊಳ್ಳಲು ಹೊರಟವರು, ಆ ಹಣವನ್ನು ಹೊಸ ಕಂಪ್ಯೂಟರಿನ ಲೆಕ್ಕಕ್ಕೆ ಸೇರಿಸುವುದು ಲೇಸೇ ಎಂದು ಮೊದಲು ಯೋಚಿಸಬೇಕು.

ಪುಕ್ಕಟೆ ಸಾಕೇ?

2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ವಿಂಡೋಸಿನ ಜೊತೆಯಲ್ಲೇ 'ಡಿಫೆಂಡರ್' ಎಂಬ ಆಂಟಿವೈರಸ್ ಬರುತ್ತದೆ. ಅದಕ್ಕೆ ಬೇರೆ ಹಣವಿಲ್ಲ. ಮೊದಮೊದಲು ಅದು ಅಷ್ಟೊಂದು ಸಮರ್ಥವಾಗಿರಲಿಲ್ಲ. ಈಗ ಹಾಗಿಲ್ಲ. ಜರ್ಮನಿಯ ಮಾಗ್ಡೆಬುರ್ಗ್ ನಗರದಲ್ಲಿರುವ 'ಎವಿ ಟೆಸ್ಟ್' ಎಂಬ ಸ್ವತಂತ್ರ ಪರೀಕ್ಷಾ ಸಂಸ್ಥೆ ರಕ್ಷಣೆ, ವೇಗ, ಬಳಕೆಯ ಸೌಲಭ್ಯ ಎಂಬ ಮೂರು ವಿಷಯಗಳಿಗೆ ತಲಾ 6ರಂತೆ ಒಟ್ಟು 18 ಅಂಕ ಕೊಡುತ್ತದೆ. ಇತ್ತೀಚಿನ ವರ್ಷಗಳಲ್ಲಿ ಡಿಫೆಂಡರ್ ಹಲವು ಬಾರಿ ಪೂರ್ಣ ಅಂಕ ಪಡೆದಿದೆ.

ಆದ್ದರಿಂದ ಮನೆಯಲ್ಲಿ ಒಂದೇ ಕಂಪ್ಯೂಟರ್ ಇದ್ದು, ವಿಂಡೋಸ್ ಅಸಲಿಯಾಗಿದ್ದು, ಅಪ್‌ಡೇಟ್ ಸರಿಯಾಗಿ ಬರುತ್ತಿದ್ದರೆ ಡಿಫೆಂಡರ್ ಸಾಕು ಎಂಬುದು ನನ್ನ ಅಭಿಪ್ರಾಯ. 'ವಿಂಡೋಸ್ ಸೆಕ್ಯುರಿಟಿ' ಎಂಬಲ್ಲಿಗೆ ಹೋಗಿ, ಎಲ್ಲ ಕಡೆ ಹಸಿರು ಗುರುತು ಇದೆಯೇ ನೋಡಿಕೊಳ್ಳಿ. ಅಲ್ಲೇ 'ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್' ಎಂಬ ಭಾಗದಲ್ಲಿ 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಎಂಬ ಸ್ವಿಚ್ಚು ಇದೆ. ಅದನ್ನು ನಾವೇ ಆನ್ ಮಾಡಬೇಕು. ಟ್ಯಾಲಿಯ ಡೇಟಾ ಇರುವ ಫೋಲ್ಡರನ್ನು ಆ ರಕ್ಷಣೆಯ ಪಟ್ಟಿಗೆ ಸೇರಿಸಿ, ಅದರಲ್ಲಿ ಬರೆಯಲು ಟ್ಯಾಲಿಗೆ ಅನುಮತಿ ಕೊಟ್ಟರೆ, ಗುರುತಿಲ್ಲದ ಬೇರೆ ಪ್ರೋಗ್ರಾಂಗಳು ಅಲ್ಲಿ ಕೈಯಾಡಿಸಲು ಆಗುವುದಿಲ್ಲ. ಅನುಮತಿ ಕೊಡಲು ಮರೆತರೆ ಟ್ಯಾಲಿಗೇ ತಡೆಯಾಗಬಹುದು. ಈ ಕೆಲಸವನ್ನು ಗಡಿಬಿಡಿಯ ತಿಂಗಳ ಕೊನೆಯಲ್ಲಿ ಮಾಡಬೇಡಿ.

ಹಣ ಕೊಟ್ಟು ತರುವುದು ಯಾವಾಗ ಸರಿ? ಮನೆ, ಹೋಟೆಲು, ಕ್ಯಾಂಟೀನು ಸೇರಿ ನಾಲ್ಕೈದು ಕಂಪ್ಯೂಟರುಗಳಿದ್ದು ಎಲ್ಲವನ್ನೂ ಒಂದೇ ಕಡೆಯಿಂದ ನೋಡಿಕೊಳ್ಳಬೇಕಾದಾಗ. ತೊಂದರೆಯಾದರೆ ಹಿಂದಿಯಲ್ಲೋ ಗುಜರಾತಿಯಲ್ಲೋ ಮಾತಾಡಿ ಸರಿಪಡಿಸುವವರು ಬೇಕೆನಿಸಿದಾಗ. ಮಕ್ಕಳ ಬಳಕೆಯ ಮೇಲೆ ಹೆಚ್ಚಿನ ಹಿಡಿತ ಬೇಕಾದಾಗ. ನಮ್ಮ ದೇಶದ ಕಂಪನಿಗಳೂ ಈ ಕ್ಷೇತ್ರದಲ್ಲಿವೆ. ಚೆನ್ನೈಯ 'ಕೆ7' ಅಂಥದ್ದೊಂದು. ಪುಣೆಯ 'ಕ್ವಿಕ್ ಹೀಲ್' ಕಟ್ಟಿದ ಕೈಲಾಸ್ ಕಾಟ್ಕರ್ ಆರಂಭದಲ್ಲಿ ಕ್ಯಾಲ್ಕ್ಯುಲೇಟರ್ ರಿಪೇರಿ ಮಾಡುತ್ತಿದ್ದವರು. ತಮ್ಮ ಸಂಜಯ್ ಜೊತೆ ಸೇರಿ ಬೆಳೆಸಿದ ಆ ಕಂಪನಿ 2016ರಲ್ಲಿ ಶೇರು ಮಾರುಕಟ್ಟೆಗೆ ಬಂತು. ಸಣ್ಣ ಗೂಡಂಗಡಿಯಿಂದ ಮೇಲೆ ಬಂದ ನಮಗೆ ಆ ಕಥೆ ಅರ್ಥವಾಗುತ್ತದೆ. ಆದರೆ ಕಥೆ ಚೆನ್ನಾಗಿದೆ ಎಂದು ಯಾವುದನ್ನೂ ಕೊಳ್ಳಬಾರದು. ಪ್ರಶ್ನೆ ಕೇಳಿಯೇ ಕೊಳ್ಳಬೇಕು.

ಕೊಳ್ಳುವ ಮುನ್ನ ಐದು ಪ್ರಶ್ನೆ

1. ಪರೀಕ್ಷೆಯಲ್ಲಿ ಹೇಗಿದೆ? ರಿಲೀಫ್ ರೋಡಿನ ಅಂಗಡಿಯವರು ಹೇಳಿದ್ದಷ್ಟನ್ನೇ ನಂಬಬೇಡಿ. 'ಎವಿ ಟೆಸ್ಟ್' ಮತ್ತು ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ 'ಎವಿ ಕಂಪ್ಯಾರೆಟಿವ್ಸ್' ಸಂಸ್ಥೆಗಳ ಫಲಿತಾಂಶ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಒಂದು ಬಾರಿಯ ಅಂಕ ಬೇಡ, ಎರಡು ಮೂರು ಬಾರಿಯದ್ದು ನೋಡಿ.

2. ಕಂಪ್ಯೂಟರ್ ನಿಧಾನವಾಗುತ್ತದೆಯೇ? 4 ಜಿಬಿ ರ‍್ಯಾಮ್ ಇರುವ ಹಳೆಯ ಕಂಪ್ಯೂಟರಿಗೆ ಭಾರವಾದದ್ದನ್ನು ಹಾಕಿದರೆ ಬೇಸತ್ತು ನೀವೇ ಆಫ್ ಮಾಡುತ್ತೀರಿ. ಸಾಮಾನ್ಯವಾಗಿ 30 ದಿನಗಳ ಉಚಿತ ಪ್ರಯೋಗ ಇರುತ್ತದೆ. ತಿಂಗಳ ಬಿಲ್ಲು ಮಾಡುವ ದಿನವೇ ಅದನ್ನು ಪರೀಕ್ಷಿಸಿ.

3. ಎರಡನೆಯ ವರ್ಷದ ಬೆಲೆ ಎಷ್ಟು? ಮೊದಲ ವರ್ಷ ರಿಯಾಯಿತಿ, ಮರುವರ್ಷ ಪೂರ್ತಿ ಬೆಲೆ ಎಂಬುದು ಈ ವ್ಯಾಪಾರದ ರೀತಿ. ಎಷ್ಟು ಕಂಪ್ಯೂಟರಿಗೆ, ಎಷ್ಟು ವರ್ಷಕ್ಕೆ ಎಂದು ಬರಹದಲ್ಲಿ ನೋಡಿ. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆ ಇದ್ದರೆ ತಿಳಿದೇ ಒಪ್ಪಿಕೊಳ್ಳಿ.

4. ನಮ್ಮ ಮಾಹಿತಿ ಎಲ್ಲಿಗೆ ಹೋಗುತ್ತದೆ? ಆಂಟಿವೈರಸ್ ನಮ್ಮ ಕಂಪ್ಯೂಟರಿನ ಮೂಲೆ ಮೂಲೆಯನ್ನೂ ನೋಡುತ್ತದೆ. ಬಳಕೆದಾರರು ಇಂಟರ್‌ನೆಟ್ಟಿನಲ್ಲಿ ಏನೇನು ನೋಡುತ್ತಾರೆಂಬ ಮಾಹಿತಿಯನ್ನು ಮಾರಿದ್ದಕ್ಕಾಗಿ 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 'ಅವಾಸ್ಟ್' ಕಂಪನಿಗೆ 1 ಕೋಟಿ 65 ಲಕ್ಷ ಡಾಲರ್ ಕಟ್ಟುವಂತೆ ಮಾಡಿತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಅದೇ ವರ್ಷ ದೇಶದ ಭದ್ರತೆಯ ಕಾರಣ ಕೊಟ್ಟು ಅಮೆರಿಕ ಸರ್ಕಾರ ರಷ್ಯಾದ 'ಕ್ಯಾಸ್ಪರ್‌ಸ್ಕಿ'ಯ ಮಾರಾಟವನ್ನು ತನ್ನ ದೇಶದಲ್ಲಿ ನಿಷೇಧಿಸಿತು. ಕಾವಲಿಗೆ ಇಡುವವನ ಹಿನ್ನೆಲೆ ವಿಚಾರಿಸುವುದು ತಪ್ಪಲ್ಲ.

5. ಇದು ಅಸಲಿಯೇ? ಪೆನ್‌ಡ್ರೈವಿನಲ್ಲಿ ನಕಲು ತಂದು 'ಲೈಫ್‌ಟೈಮ್' ಎಂದು ಹಾಕಿಕೊಡುವವರನ್ನು ಹತ್ತಿರ ಸೇರಿಸಬೇಡಿ. ನಕಲು ಟ್ಯಾಲಿ, ನಕಲು ವಿಂಡೋಸ್ ಇವಕ್ಕೂ ಇದೇ ಮಾತು. 'ಸ್ಟಾಪ್' ಅಥವಾ 'ಡಿಜೆವು' ಎಂದು ಹೆಸರಾದ ವೈರಸ್ ಕುಟುಂಬ ಹರಡಿದ್ದೇ ಹೆಚ್ಚಾಗಿ ನಕಲು ಸಾಫ್ಟ್‌ವೇರಿನ ಮೂಲಕ. 980 ಡಾಲರ್, 72 ಗಂಟೆಯೊಳಗಾದರೆ ಅರ್ಧ ಎಂದು ಅದು ಚೌಕಾಸಿಯನ್ನೂ ತಾನೇ ಮಾಡಿ ಪತ್ರ ಬಿಡುತ್ತಿತ್ತು.

ಕೊನೆಯದಾಗಿ, ಒಂದು ಕಂಪ್ಯೂಟರಿಗೆ ಒಂದೇ ಆಂಟಿವೈರಸ್. ಒಂದೇ ಒಲೆಯ ಮುಂದೆ ಇಬ್ಬರು ಅಡಿಗೆ ಭಟ್ಟರನ್ನು ನಿಲ್ಲಿಸಿದರೆ ಸಾಂಬಾರಿಗೆ ಎರಡು ಬಾರಿ ಉಪ್ಪು ಬೀಳುತ್ತದೆ. ಬೇರೆ ಕಂಪನಿಯದ್ದು ಹಾಕಿದಾಗ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ. ಆ ಕಂಪನಿಯ ವಾಯಿದೆ ಮುಗಿದಾಗ ಡಿಫೆಂಡರ್ ಮತ್ತೆ ಎದ್ದಿದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ.

ಫೋನಿನಲ್ಲಿ ಬರುವ 'ವೈರಸ್'

ಪರದೆಯ ತುಂಬ ಕೆಂಪು ಬಣ್ಣ, ಜೋರು ಸದ್ದು, 'ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ' ಎಂಬ ಬರಹ ಕಂಡರೆ ಅದು ಮೋಸ. ನಿಜವಾದ ಆಂಟಿವೈರಸ್ ಹಾಗೆ ಫೋನ್ ಮಾಡಲು ಹೇಳುವುದಿಲ್ಲ. 'ನಿಮ್ಮ ಆಂಟಿವೈರಸ್ ನವೀಕರಣವಾಗಿದೆ, ಇಷ್ಟು ಸಾವಿರ ಕಡಿತವಾಗಿದೆ, ವಾಪಸ್ ಬೇಕಾದರೆ ಕರೆ ಮಾಡಿ' ಎಂಬ ಇಮೇಲೂ ಇದೇ ಜಾತಿಯದು.

ಫೋನಿನಲ್ಲಿ ಮೋಸ ಮಾಡುವುದು ಎಷ್ಟು ದೊಡ್ಡ ದಂಧೆ ಎಂಬುದು ಅಹಮದಾಬಾದಿನವರಿಗೆ ಗೊತ್ತು. ತೆರಿಗೆ ಅಧಿಕಾರಿಗಳೆಂದು ಹೇಳಿಕೊಂಡು ಅಮೆರಿಕದವರನ್ನು ಹೆದರಿಸಿ ಹಣ ಕಿತ್ತ ಪ್ರಕರಣದಲ್ಲಿ 2016ರ ಅಕ್ಟೋಬರಿನಲ್ಲಿ ಅಮೆರಿಕದ ನ್ಯಾಯ ಇಲಾಖೆ 56 ಜನರ ಮೇಲೂ, ಅಹಮದಾಬಾದಿನ 5 ಕಾಲ್ ಸೆಂಟರುಗಳ ಮೇಲೂ ಆರೋಪ ಹೊರಿಸಿತು. 2023ರ ಅಕ್ಟೋಬರಿನಲ್ಲಿ ಸಿಬಿಐ 'ಆಪರೇಷನ್ ಚಕ್ರ 2' ಎಂಬ ಹೆಸರಿನಲ್ಲಿ ದೇಶದ 76 ಕಡೆ ಶೋಧ ನಡೆಸಿತು. ಕಂಪ್ಯೂಟರ್ ಸರಿಪಡಿಸುವ ನೆಪದ ಮೋಸವೂ ಅದರ ಗುರಿಯಲ್ಲಿತ್ತು. ವಿದೇಶದವರಿಗೆ ಮಾಡಿದ್ದನ್ನು ನಮಗೂ ಮಾಡಬಲ್ಲರು.

ಆಂಟಿವೈರಸ್ ಕೈಲಾಗದ ಕೆಲಸ

ಕ್ಯಾಂಟೀನ್ ಗುತ್ತಿಗೆದಾರರು ಇದನ್ನು ಗಮನವಿಟ್ಟು ಓದಬೇಕು. ನಿಮ್ಮ ಇಮೇಲ್ ಪಾಸ್‌ವರ್ಡ್ ಕದ್ದವನು ತಕ್ಷಣ ಏನೂ ಮಾಡುವುದಿಲ್ಲ. ಸುಮ್ಮನೆ ಓದುತ್ತಾ ಇರುತ್ತಾನೆ. ದೊಡ್ಡ ಬಿಲ್ಲು ಹೋದ ದಿನ ನಿಮ್ಮ ಹೆಸರಿನಲ್ಲೇ ಕಂಪನಿಗೆ ಒಂದು ಪತ್ರ ಕಳಿಸುತ್ತಾನೆ: 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹೊಸ ಖಾತೆಗೆ ಹಣ ಹಾಕಿ.' ಆ ಪತ್ರದಲ್ಲಿ ವೈರಸ್ ಇಲ್ಲ, ಬರೀ ಅಕ್ಷರಗಳಿವೆ. ಯಾವ ಆಂಟಿವೈರಸ್ ಅದನ್ನು ಹಿಡಿದೀತು? ಇಮೇಲಿಗೆ ಪಾಸ್‌ವರ್ಡಿನ ಜೊತೆ ಮೊಬೈಲ್ ದೃಢೀಕರಣವನ್ನೂ ಹಾಕಿ. ಖಾತೆ ಬದಲಾವಣೆಯ ಯಾವ ಪತ್ರವನ್ನೂ ನಿಮಗೆ ಫೋನ್ ಮಾಡಿ ಕೇಳದೆ ನಂಬಬಾರದೆಂದು ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ ಈಗಲೇ ಬರೆದುಕೊಡಿ.

ಟ್ಯಾಲಿ ಸರಿಪಡಿಸುವವರು ದೂರದಿಂದಲೇ ಕಂಪ್ಯೂಟರ್ ನೋಡಲು 'ಎನಿಡೆಸ್ಕ್' ಮುಂತಾದವನ್ನು ಹಾಕಿಸುತ್ತಾರೆ. ಕೆಲಸ ಮುಗಿದ ಮೇಲೆ ಅದನ್ನು ಮುಚ್ಚಿ. ಕಾಯಂ ಪಾಸ್‌ವರ್ಡ್ ಕೊಡಬೇಡಿ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ನನ್ನು ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಡುವುದೂ ಸಹಿ ಮಾಡಿದ ಖಾಲಿ ಚೆಕ್ಕನ್ನು ಮೇಜಿನ ಮೇಲೆ ಬಿಡುವುದೂ ಒಂದೇ.

ನಿಜವಾದ ಬೀಗ: ಇನ್ನೊಂದು ಪ್ರತಿ

ಆರಂಭದಲ್ಲಿ ಕೇಳಿದ ಬೀಗದ ಪ್ರಶ್ನೆಗೆ ಉತ್ತರ ಇಲ್ಲಿದೆ. ಟ್ಯಾಲಿ ಪ್ರೈಮ್‌ನಲ್ಲಿ ಮೇಲಿನ ಸಾಲಿನ 'ಡೇಟಾ' ಒತ್ತಿದರೆ 'ಬ್ಯಾಕಪ್' ಸಿಗುತ್ತದೆ. ಎರಡು ಪೆನ್‌ಡ್ರೈವ್ ಇಟ್ಟುಕೊಳ್ಳಿ. ಒಂದು ವಾರ ಒಂದಕ್ಕೆ, ಮರುವಾರ ಇನ್ನೊಂದಕ್ಕೆ ಪ್ರತಿ ತೆಗೆಯಿರಿ. ತೆಗೆದ ಕೂಡಲೇ ಕಳಚಿಡಿ, ಏಕೆಂದರೆ ಸಿಕ್ಕಿಸಿಟ್ಟ ಪೆನ್‌ಡ್ರೈವಿಗೂ ವೈರಸ್ ಬೀಗ ಹಾಕುತ್ತದೆ. ಒಂದು ಮನೆಯಲ್ಲಿರಲಿ, ಒಂದು ಹೋಟೆಲಿನಲ್ಲಿರಲಿ. ಬೆಂಕಿ, ಕಳ್ಳತನ ಎರಡೂ ಕಡೆ ಒಂದೇ ದಿನ ಆಗುವುದು ಅಪರೂಪ. ಎರಡು ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆದು ನೋಡದ ಪ್ರತಿ, ರುಚಿ ನೋಡದೆ ಬಡಿಸಿದ ಸಾರಿನಂತೆ.

ಅಷ್ಟಾಗಿಯೂ ಸೋಂಕು ಬಂದರೆ ಇಂಟರ್‌ನೆಟ್ ಸಂಪರ್ಕ ಮೊದಲು ಕಳಚಿ. ಹಣ ಕೊಡಬೇಡಿ, ಕೊಟ್ಟರೂ ಫೈಲು ವಾಪಸ್ ಬರುವ ಖಾತ್ರಿಯಿಲ್ಲ. ಬೀಗ ಬಿದ್ದ ಫೈಲುಗಳನ್ನು ಅಳಿಸದೆ ಬೇರೆ ಕಡೆ ಇಟ್ಟುಕೊಳ್ಳಿ. ಯುರೋಪೋಲ್, ನೆದರ್‌ಲ್ಯಾಂಡ್ಸ್ ಪೊಲೀಸರು ಮತ್ತಿತರರು ಸೇರಿ 2016ರಲ್ಲಿ ಆರಂಭಿಸಿದ 'ನೋ ಮೋರ್ ರ‍್ಯಾನ್ಸಮ್' ಯೋಜನೆಯಲ್ಲಿ ಕೆಲವು ಬೀಗಗಳ ಕೀಲಿಕೈ ಪುಕ್ಕಟೆ ಸಿಗುತ್ತದೆ. ಭಾರತ ಸರ್ಕಾರ 2017ರಲ್ಲಿ ಆರಂಭಿಸಿದ 'ಸೈಬರ್ ಸ್ವಚ್ಛತಾ ಕೇಂದ್ರ'ವೂ ಸೋಂಕು ತೆಗೆಯುವ ಉಪಕರಣಗಳನ್ನು ಉಚಿತವಾಗಿ ಕೊಡುತ್ತದೆ. ಬ್ಯಾಂಕಿನ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ ಹಣ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು.

ಈ ವಾರದ ಮನೆಗೆಲಸ

ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದ ಮೇಲೆ ಒಂದು ಗಂಟೆ ಬಿಡುವು ಮಾಡಿಕೊಂಡು ಇಷ್ಟನ್ನು ಮಾಡಿ:

- ವಿಂಡೋಸ್ ಯಾವುದು, ಅಪ್‌ಡೇಟ್ ಬರುತ್ತಿದೆಯೇ ನೋಡಿ.
- ಆಂಟಿವೈರಸ್ ಒಂದೇ ಇದೆಯೇ, ವಾಯಿದೆ ಎಂದಿಗೆ ಮುಗಿಯುತ್ತದೆ ನೋಡಿ ಕ್ಯಾಲೆಂಡರಿನಲ್ಲಿ ಗುರುತಿಡಿ.
- ಮಕ್ಕಳಿಗೆ ಬೇರೆ ಖಾತೆ ಮಾಡಿ.
- ಇಮೇಲಿಗೆ ಮೊಬೈಲ್ ದೃಢೀಕರಣ ಹಾಕಿ.
- ಟ್ಯಾಲಿ ಪ್ರತಿ ತೆಗೆದು, ಪೆನ್‌ಡ್ರೈವ್ ಕಳಚಿ, ಹೋಟೆಲಿಗೆ ಒಯ್ಯಿರಿ.

ಮುಂದಿನ ದೀಪಾವಳಿಗೆ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚುವಾಗ ಆ ಪೆನ್‌ಡ್ರೈವಿಗೂ ಒಂದು ಬೊಟ್ಟು ಇರಲಿ. ನಮ್ಮ ಮನೆಯಲ್ಲಿ ಈಗ ಅದು ತಪ್ಪುವುದಿಲ್ಲ.